ಜೀವಕ್ಕೇನೂ ಇಲ್ಲ

ಪತ್ರಿಕೆಯಲ್ಲಿ ‘ಮಾರಣಾಂತಿಕ ಹಲ್ಲೆ’ ಎಂಬ ತಲೆಬರಹ ಕಂಡರೆ ನಮ್ಮೆದೆ ಧಸಕ್ಕೆನ್ನುತ್ತದೆ. ಕೆಳಗೆ ಓದಿದರೆ ಗಾಯಾಳು ಚೇತರಿಸಿಕೊಳ್ಳುತ್ತಿದ್ದಾನೆ! ಮರಾಠಿಯ ‘ಜೀವಘೇಣಾ ಹಲ್ಲಾ’ದ ಹಣೆಬರಹವೂ ಇದೇ, ಎಷ್ಟೋ ಸಲ ಜೀವ ಹೋಗಿಯೇ ಇರುವುದಿಲ್ಲ. ಪೆಟ್ಟು ತಿಂದೂ ಬದುಕಿ ಉಳಿಯಬಹುದಾದಂಥದು ಎನ್ನಲು ನಮ್ಮ ಬಳಕೆಯಲ್ಲಿ ಒಂದು ಪದವಿಲ್ಲ. ‘ಸಹ್ಯ’ ಎನ್ನೋಣವೇ? ಅದು ನೋವಿನ ಅಳತೆ. ಸಹಿಸಲಾರದ ಹಲ್ಲುನೋವಿನಲ್ಲೂ ನಾವು ಬದುಕಿಯೇ ಇರುತ್ತೇವೆ.

ಇನ್ನು, ಬದುಕಬಹುದೇ ಇಲ್ಲವೇ ಎಂಬುದು ಬರೀ ಪೆಟ್ಟಿನ ಗುಣವೂ ಅಲ್ಲ. ನಾವಿರುವ ಸದಾಶಿವ ಪೇಠೆಯ ಹಿರಿಯರು 1961ರ ಜುಲೈ 12ನ್ನು ಮರೆತಿಲ್ಲ. ಪಾನಶೇತ ಅಣೆಕಟ್ಟು ಕುಸಿಯತೊಡಗಿದಾಗ ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಒಟ್ಟಿ ಅದನ್ನು ಬೆಳಗಿನವರೆಗೆ ತಡೆದರು. ಕತ್ತಲಲ್ಲಿ ನುಗ್ಗಬೇಕಾದ ನೀರು ಹಗಲು ಬಂತು. ಅನೇಕರು ಸತ್ತರು, ವಾಡೆಗಳು ಉರುಳಿದವು; ಆದರೂ ನೀರು ಕಂಡು ಓಡಿ ಎತ್ತರದ ಜಾಗ ಸೇರಿದವರು ಅದೆಷ್ಟೋ ಮಂದಿ. ಅದೇ ನೀರು ರಾತ್ರಿ ಬಂದಿದ್ದರೆ?

ಊರಿನಿಂದ ಫೋನು ಬಂದು “ಅಪ್ಪ ಬಿದ್ದಾರ” ಎಂದರೆ, ಪುಣೆಯಲ್ಲಿ ಕುಳಿತ ನಮಗೆ ಮುಂದಿನ ಮಾತು ಬರುವವರೆಗೆ ಅದು ಮಾರಣಾಂತಿಕವೇ. ಅದಕ್ಕೇ ತಮ್ಮನಿಗೆ ಹೇಳಿಟ್ಟಿದ್ದೇವೆ: ಮೊದಲು ‘ಜೀವಕ್ಕೇನೂ ಇಲ್ಲ’ ಅನ್ನು, ಎಲ್ಲಿ ಬಿದ್ದರು, ಹ್ಯಾಂಗ ಬಿದ್ದರು ಎಂಬುದನ್ನು ಆಮೇಲೆ ಹೇಳು.