ಅಂಟಿನ ನಂಟು

ಕಳೆದ ತಿಂಗಳು ಮಗಳು ಕೇಕು ಮಾಡಲೆಂದು ಮೆತ್ತನೆಯ ಅಚ್ಚೊಂದನ್ನು ತರಿಸಿದ್ದಳು. ಪೆಟ್ಟಿಗೆಯ ಮೇಲೆ ‘ಪ್ಲಾಟಿನಂ ಸಿಲಿಕೋನ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ನನ್ನ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಇದ್ರಲ್ಲಿ ಪ್ಲಾಟಿನಂ ಎಲ್ಲಿದೆ ರೀ? ನಾಲ್ಕು ನೂರು ರೂಪಾಯಿಗೆ ಪ್ಲಾಟಿನಂ ಯಾರು ಕೊಡ್ತಾರೆ?” ಎಂದಳು. “ಇದೆ, ನಿಜವಾಗಿಯೂ ಇದೆ, ಕಣ್ಣಿಗೆ ಕಾಣದಷ್ಟು” ಎಂದೆ. ಅವಳು ನಂಬಲಿಲ್ಲ. ನಾನು ಆರೂವರೆ ವರ್ಷ ಸಿಲಿಕಾನಿನ ಹಿಂದೆ ಬಿದ್ದು ಡಾಕ್ಟರೇಟ್ ಪಡೆದವನು ಎಂಬುದು ನಮ್ಮ ಮನೆಯಲ್ಲಿ ಸಾಕ್ಷಿಯಾಗಿ ನಡೆಯುವುದಿಲ್ಲ.

ಹೊರಗೂ ಅಷ್ಟೆ. ಊರಿಗೆ ಹೋದಾಗ ಯಾರಾದರೂ ವಿಚಾರಿಸಿದರೆ “ಸಿಲಿಕಾನಿನ ಮೇಲೆ ಕೆಲಸ ಮಾಡಿದ್ದೆ” ಎನ್ನುತ್ತೇನೆ. “ಹಾಗಾದರೆ ಬೆಂಗಳೂರಿನಲ್ಲೇ ಇರಬಹುದಿತ್ತಲ್ಲ, ಪುಣೆಗೆ ಏಕೆ ಹೋದಿರಿ?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅವರ ಮನಸ್ಸಿನಲ್ಲಿರುವುದು ಕಂಪ್ಯೂಟರಿನ ಸಿಲಿಕಾನ್. ಕಂಪ್ಯೂಟರಿನದು ಶುದ್ಧ ಮೂಲವಸ್ತು, ಅಚ್ಚಿನದು ‘ಸಿಲಿಕೋನ್’. ಕನ್ನಡದಲ್ಲಿ ಬರೆದರೆ ‘ಕಾ’ ಮತ್ತು ‘ಕೋ’ಗಳಷ್ಟೇ ವ್ಯತ್ಯಾಸ. ಆ ಒಂದು ಸ್ವರದ ನಡುವೆ ಒಬ್ಬ ಇಂಗ್ಲಿಷ್ ವಿಜ್ಞಾನಿಯ ಸುಮಾರು ನಾಲ್ಕು ದಶಕಗಳ ದುಡಿಮೆಯಿದೆ, ನನ್ನ ಬದುಕಿನ ಎರಡು ವರ್ಷಗಳೂ ಇವೆ.

ಸಿಲಿಕಾನ್ ಭೂಮಿಯ ಹೊರಪದರದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿದೆ. ಆದರೆ ಅದು ಎಲ್ಲಿಯೂ ಒಂಟಿಯಾಗಿ ಸಿಕ್ಕುವುದಿಲ್ಲ. ಮರಳಿನಲ್ಲಿ, ಬೆಣಚುಕಲ್ಲಿನಲ್ಲಿ, ಮಣ್ಣಿನಲ್ಲಿ ಎಲ್ಲೆಲ್ಲೂ ಆಮ್ಲಜನಕವನ್ನು ಅಪ್ಪಿಕೊಂಡೇ ಇರುತ್ತದೆ. ಎರಡು ಸಿಲಿಕಾನ್ ಪರಮಾಣುಗಳ ನಡುವಿನ ಬಂಧಕ್ಕಿಂತ ಸಿಲಿಕಾನ್ ಮತ್ತು ಆಮ್ಲಜನಕದ ಬಂಧ ಸುಮಾರು ಎರಡು ಪಟ್ಟು ಬಲವಾದದ್ದು. ಆವರ್ತ ಕೋಷ್ಟಕದಲ್ಲಿ ಇಂಗಾಲದ ಸರಿಯಾಗಿ ಕೆಳಗೆ ಕುಳಿತಿದ್ದರೂ, ಇಂಗಾಲದಂತೆ ತನ್ನದೇ ಸರಪಳಿ ಕಟ್ಟಿಕೊಂಡು ಗಾಳಿಯಲ್ಲಿ ನೆಮ್ಮದಿಯಾಗಿರುವ ಸ್ವಭಾವ ಅದಕ್ಕಿಲ್ಲ. ಅವಕಾಶ ಸಿಕ್ಕಿದೊಡನೆ ಆಮ್ಲಜನಕದ ಕಡೆಗೆ ಓಡುತ್ತದೆ. ಸಿಲಿಕಾನಿನ ರಸಾಯನಶಾಸ್ತ್ರ ಮಾಡುವವನ ದಿನಚರಿಯೆಲ್ಲ ಆ ಓಟವನ್ನು ತಡೆಯುವುದರಲ್ಲಿಯೇ ಕಳೆಯುತ್ತದೆ.

ಫ್ರೆಡರಿಕ್ ಸ್ಟ್ಯಾನ್ಲಿ ಕಿಪ್ಪಿಂಗ್ ಹುಟ್ಟಿದ್ದು 1863ರಲ್ಲಿ. ಇಂಗಾಲ ಮತ್ತು ಸಿಲಿಕಾನುಗಳನ್ನು ನೇರವಾಗಿ ಬೆಸೆದ ಮೊದಲ ಸಂಯುಕ್ತವನ್ನು ಫ್ರೀಡೆಲ್ ಮತ್ತು ಕ್ರಾಫ್ಟ್ಸ್ ತಯಾರಿಸಿದ್ದೂ ಅದೇ ವರ್ಷ. ಕಿಪ್ಪಿಂಗ್ 1897ರಿಂದ 1936ರವರೆಗೆ ನಾಟಿಂಗ್‌ಹ್ಯಾಮಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಇಂಗಾಲ ಆಮ್ಲಜನಕದೊಡನೆ ದ್ವಿಬಂಧದಲ್ಲಿ ಕೂಡಿ ಕೀಟೋನ್ ಆಗುವಂತೆ ಸಿಲಿಕಾನೂ ಆಗಬೇಕೆಂಬುದು ಅವರ ನಿರೀಕ್ಷೆ. ಕೀಟೋನಿನ ಮಾದರಿಯಲ್ಲಿಯೇ ತಮ್ಮ ವಸ್ತುವಿಗೆ ಅವರು ‘ಸಿಲಿಕೋನ್’ ಎಂದು ಹೆಸರಿಟ್ಟರು. ಆದರೆ ಸಿಲಿಕಾನ್ ಆ ದ್ವಿಬಂಧವನ್ನು ಕಟ್ಟಿರಲಿಲ್ಲ. ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಮತ್ತೆ ಆಮ್ಲಜನಕ ಎಂದು ಉದ್ದಕ್ಕೆ ಕೈಹಿಡಿದು ಸರಪಳಿಗಳೂ ಉಂಗುರಗಳೂ ಆಗಿ ನಿಂತಿತ್ತು. ಹೆಸರು ತಪ್ಪಾಗಿತ್ತು. ತಪ್ಪು ಹೆಸರೇ ಉಳಿಯಿತು.

ಹರಳುಗಟ್ಟುವ, ಕರಗುವ ಬಿಂದು ನಿಶ್ಚಿತವಾಗಿರುವ ಶುದ್ಧ ವಸ್ತುಗಳನ್ನು ಹುಡುಕುತ್ತಿದ್ದ ಕಿಪ್ಪಿಂಗರ ಪಾತ್ರೆಗಳ ತಳದಲ್ಲಿ ಮತ್ತೆ ಮತ್ತೆ ಉಳಿಯುತ್ತಿದ್ದದ್ದು ಎಣ್ಣೆಯಂಥ, ಅಂಟಿನಂಥ ಶೇಷ. ಅದು ಅವರಿಗೆ ಬೇಸರದ ವಸ್ತುವಾಗಿತ್ತು. 1936ರಲ್ಲಿ ರಾಯಲ್ ಸೊಸೈಟಿಯ ಬೇಕರಿಯನ್ ಉಪನ್ಯಾಸ ನೀಡುವಾಗ, ಈ ಕ್ಷೇತ್ರದಲ್ಲಿ ಸದ್ಯಕ್ಕೆ ಮಹತ್ವದ ಮುನ್ನಡೆಯ ಆಸೆಯಿಲ್ಲವೆಂಬ ಅರ್ಥದ ಮಾತನ್ನು ಅವರು ಆಡಿದರು. ನಾಲ್ಕೇ ವರ್ಷಗಳ ನಂತರ, 1940ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಯೂಜೀನ್ ರಾಕೋ ಅವರು ಸಿಲಿಕಾನ್ ಪುಡಿಯನ್ನು ತಾಮ್ರದೊಡನೆ ಬೆರೆಸಿ, ಕಾಯಿಸಿ, ಅದರ ಮೇಲೆ ಮೀಥೈಲ್ ಕ್ಲೋರೈಡ್ ಹಾಯಿಸಿದರು. ಕಿಪ್ಪಿಂಗರು ಬೇಸತ್ತಿದ್ದ ಆ ಬಗೆಯ ಅಂಟನ್ನು ಟನ್ನುಗಟ್ಟಲೆ ತಯಾರಿಸುವ ದಾರಿ ತೆರೆಯಿತು. 1943ರಲ್ಲಿ ಸ್ಥಾಪನೆಯಾದ ಡೌ ಕಾರ್ನಿಂಗ್ ಕಂಪನಿಯ ಮೊದಮೊದಲ ಸರಕುಗಳಲ್ಲೊಂದು, ಎತ್ತರದಲ್ಲಿ ಹಾರುವ ಯುದ್ಧವಿಮಾನಗಳ ಇಗ್ನಿಷನ್ ಭಾಗಗಳಿಗೆ ತೇವ ತಾಗದಂತೆ ಬಳಿಯುವ ಸಿಲಿಕೋನ್ ಗ್ರೀಸು. ಈ ಗ್ರೀಸನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಕೆಲಸವಿದೆ.

ನಾನು ಪುಣೆಗೆ ಬಂದದ್ದು 1994ರಲ್ಲಿ. ಸಿಲಿಕಾನಿನ ಲೋಕದಲ್ಲಿ ಅವು ಹುಮ್ಮಸ್ಸಿನ ದಿನಗಳು. 1981ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ರಾಬರ್ಟ್ ವೆಸ್ಟ್ ಮತ್ತು ಸಂಗಡಿಗರು, ಎರಡು ಸಿಲಿಕಾನುಗಳ ನಡುವೆ ದ್ವಿಬಂಧವಿರುವ ಸಂಯುಕ್ತವನ್ನು ಹರಳಿನ ರೂಪದಲ್ಲಿ ತೆಗೆದು ತೋರಿಸಿದ್ದರು. ಅದು ಅಸಾಧ್ಯವೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದಿದ್ದವು. ಅವರ ಉಪಾಯ ಸರಳವಾಗಿತ್ತು: ಸಿಲಿಕಾನಿನ ಸುತ್ತ ದೊಡ್ಡ ದೊಡ್ಡ ಇಂಗಾಲದ ಗುಂಪುಗಳನ್ನು ಬೇಲಿಯಂತೆ ನಿಲ್ಲಿಸಿದರೆ ಬೇರೆ ಅಣುಗಳು ಬಳಿಗೆ ಬರಲಾರವು. ನಾನು ಪುಣೆಗೆ ಬಂದ ವರ್ಷವೇ ಅದೇ ಗುಂಪಿನಿಂದ, ಎರಡೇ ಬಂಧಗಳಿರುವ ಸಿಲಿಕಾನ್, ಅಂದರೆ ಸಿಲಿಲೀನ್, ಕೋಣೆಯ ಉಷ್ಣತೆಯಲ್ಲಿ ಬಾಟಲಿಯಲ್ಲಿ ಉಳಿಯಬಲ್ಲದೆಂಬ ವರದಿ ಬಂತು. ಅಂಥ ಸಿಲಿಕಾನನ್ನು ನಿಕ್ಕಲ್, ಪಲ್ಲೇಡಿಯಂ, ಪ್ಲಾಟಿನಂನಂಥ ಸಂಕ್ರಮಣ ಲೋಹಗಳಿಗೆ ಜೋಡಿಸಿ, ಅದು ಹೇಗೆ ವರ್ತಿಸುತ್ತದೆಂದು ನೋಡುವ ಆಸೆ ಹಲವರಿಗಿತ್ತು. ನನ್ನ ಪಾಲಿಗೆ ಬಂದದ್ದು ಪಲ್ಲೇಡಿಯಂ.

ಲೋಹವೇ ಏಕೆ ಎಂದರೆ, ಈ ಲೋಹಗಳು ಸಂಧಾನಕಾರರು. ಕೇಕಿನ ಅಚ್ಚಿನಲ್ಲಿರುವ ಪ್ಲಾಟಿನಂ ಮಾಡಿದ್ದೂ ಆ ಕೆಲಸವನ್ನೇ. ಅದು ಸಿಲಿಕಾನ್ ಮತ್ತು ಜಲಜನಕದ ಬಂಧದ ನಡುವೆ ನುಗ್ಗಿ, ಎರಡನ್ನೂ ತನ್ನ ಎರಡು ಕೈಗಳಲ್ಲಿ ಹಿಡಿದು, ಬಳಿ ಬಂದ ಇಂಗಾಲದ ದ್ವಿಬಂಧಕ್ಕೆ ಒಂದೊಂದಾಗಿ ಒಪ್ಪಿಸುತ್ತದೆ. ಹೀಗೆ ನೆರೆಹೊರೆಯ ಸರಪಳಿಗಳು ಹೆಣೆದುಕೊಂಡು ರಬ್ಬರಾಗುತ್ತವೆ. 1957ರಲ್ಲಿ ಸ್ಪೈಯರ್ ಪ್ರಕಟಿಸಿದ ವೇಗವರ್ಧಕದಿಂದ ಈ ಕ್ರಿಯೆಗೆ ಬಲ ಬಂತು, 1965ರಲ್ಲಿ ಚಾಕ್ ಮತ್ತು ಹ್ಯಾರಡ್ ಅದರ ಹೆಜ್ಜೆಗಳನ್ನು ವಿವರಿಸಿದರು. ಕೆಲಸ ಮುಗಿಸಿದ ಪ್ಲಾಟಿನಂ ರಬ್ಬರಿನೊಳಗೇ ಸಿಕ್ಕಿಕೊಂಡು ಉಳಿಯುತ್ತದೆ. ಹೆಂಡತಿಗೆ ನಾನು ಹೇಳಲು ಹೊರಟಿದ್ದು ಇಷ್ಟನ್ನೇ.

ನನ್ನ ಮೇಜಿನ ಮೇಲೆ ಎರಡು ಉದ್ದನೆಯ ಗಾಜಿನ ಕೊಳವೆಗಳ ಒಂದು ಸಲಕರಣೆಯಿತ್ತು. ಒಂದರಲ್ಲಿ ನಿರ್ವಾತ, ಇನ್ನೊಂದರಲ್ಲಿ ಆರ್ಗಾನ್. ನಡುವೆ ಸಾಲಾಗಿ ಸ್ಟಾಪ್‌ಕಾಕುಗಳು, ಅಂದರೆ ತಿರುಗಿಸುವ ಗಾಜಿನ ಬಿರಡೆಗಳು. ಪಾತ್ರೆಯ ಗಾಳಿಯನ್ನು ಎಳೆದು ತೆಗೆಯುವುದು, ಆರ್ಗಾನ್ ತುಂಬುವುದು, ಮತ್ತೆ ಎಳೆಯುವುದು, ಮತ್ತೆ ತುಂಬುವುದು. ದ್ರಾವಕವನ್ನು ಸೋಡಿಯಂ ಮೇಲೆ ಕುದಿಸಿ ನೀರಿನ ಅಂಶ ಕಳೆಯುವುದು. ಮಳೆಗಾಲದಲ್ಲಿ ಇಷ್ಟೆಲ್ಲ ಮಾಡಿದರೂ ಕಿತ್ತಳೆ ಬಣ್ಣದ ದ್ರಾವಣ ಕಣ್ಣೆದುರಿಗೇ ಬಿಳಿಚಿಕೊಳ್ಳುತ್ತಿತ್ತು. ಬಿರಡೆಗಳ ಮೂಲಕ ಗಾಳಿ ಸೋರುತ್ತಿದೆಯೆಂದು ಅವುಗಳಿಗೆ ಇನ್ನಷ್ಟು ಗ್ರೀಸು ಬಳಿಯುತ್ತಿದ್ದೆ.

ಎರಡನೆಯ ವರ್ಷದ ಕೊನೆಗೆ ಹಳದಿ ಹರಳುಗಳು ಸಿಕ್ಕವು. ಪಲ್ಲೇಡಿಯಂ ಇತ್ತು, ಸಿಲಿಕಾನ್ ಇತ್ತು. ಎನ್‌ಎಂಆರ್ ರೋಹಿತದಲ್ಲಿ ನಾನು ಬಯಸಿದ ಗೆರೆಗಳೆಲ್ಲ ಇದ್ದವು. ಜೊತೆಗೆ ಸೊನ್ನೆಯ ಹತ್ತಿರ, ಯಾವ ರಸಾಯನಶಾಸ್ತ್ರದ ವಿದ್ಯಾರ್ಥಿಗೂ ಪರಿಚಿತವಾದ ಜಾಗದಲ್ಲಿ, ಒಂದು ಚೂಪು ಗೆರೆ. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ಗ್ರೀಸು’ ಎಂದು ಬರೆದು ಮುಂದೆ ಹೋದೆ. ಎಲ್ಲರೂ ಹಾಗೆಯೇ ಬರೆಯುತ್ತಾರೆ. ಮಾರ್ಗದರ್ಶಕರು ಸಂತೋಷಪಟ್ಟರು, ಪ್ರಬಂಧದ ಕರಡು ಸಿದ್ಧವಾಯಿತು. ನಾನು ಸಾಗರದ ಬಳಿಯ ನಮ್ಮ ಊರಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಅಪ್ಪ ನಿವೃತ್ತ ಶಾಲಾ ಮಾಸ್ತರು. ಪ್ರತಿ ಪತ್ರದ ಕೊನೆಯಲ್ಲಿ “ಯಾವಾಗ ಮುಗಿಯುತ್ತದೆ?” ಎಂದು ಕೇಳುತ್ತಿದ್ದರು. “ಸಿಕ್ಕಿತು ಅಪ್ಪಯ್ಯ, ಇನ್ನೊಂದು ವರ್ಷದಲ್ಲಿ ಮುಗಿಯುತ್ತದೆ” ಎಂದು ಬರೆದಿದ್ದೆ.

ಕರಡು ಅಂಚೆಗೆ ಹೋಗಲು ಒಂದು ವಾರವಿತ್ತು. ಮುರಿದ ಬಿರಡೆಯೊಂದನ್ನು ಹಿಡಿದುಕೊಂಡು ಗಾಜಿನ ಕೆಲಸದ ಕೋಣೆಗೆ ಹೋದೆ. ಅಲ್ಲಿದ್ದ ಹಿರಿಯರು ನಿಪ್ಪಾಣಿಯ ಕಡೆಯವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಮರಾಠಿಯಲ್ಲಿ ದಿನವಿಡೀ ವ್ಯವಹರಿಸಿ, ನನ್ನನ್ನು ಕಂಡರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು. ಅವರು ಬಿರಡೆಯನ್ನು ಬಟ್ಟೆಯಿಂದ ಒರೆಸುತ್ತ ನಕ್ಕರು.

“ಏನ್ ತಮ್ಮಾ, ರೊಟ್ಟಿಗಿ ತುಪ್ಪಾ ಸವರಿದಂಗ ಸವರೀದಿ? ಮ್ಯಾಲ ಇಷ್ಟದ, ಕೆಳಗ ಏನೂ ಇಲ್ಲ ನೋಡು. ಕೆಳಗಿಂದು ಎಲ್ಲಿ ಹೋತು?”

“ಕುದಿಯೋ ಟಾಲ್ವೀನ್ ತೊಳೆದಿರಬೇಕು ಕಾಕಾ.”

“ತೊಳದು ಎಲ್ಲಿ ಒಯ್ತು? ನಿನ್ನ ಪಾತ್ರೆಕ್ಕ ಅಲ್ಲೇನು?”

ನಾನೂ ನಕ್ಕು ಬಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಐದು ಬಾರಿ ತಯಾರಿಸಿದ ಹರಳುಗಳ ಐದೂ ರೋಹಿತಗಳನ್ನು ಮೇಜಿನ ಮೇಲೆ ಹರಡಿದೆ. ಕಶ್ಮಲವಾಗಿದ್ದರೆ ಆ ಗೆರೆ ಒಂದು ಸಲ ದೊಡ್ಡದು, ಒಂದು ಸಲ ಚಿಕ್ಕದು ಆಗಬೇಕು. ಅಳೆದು ನೋಡಿದೆ. ಐದರಲ್ಲೂ ಅದೇ ಪ್ರಮಾಣ: ಒಂದು ಅಣುವಿಗೆ ಸರಿಯಾಗಿ ಆರು ಜಲಜನಕಗಳು. ಸಿಲಿಕೋನ್ ಗ್ರೀಸಿನ ಸರಪಳಿಯ ಒಂದು ಕೊಂಡಿಯಲ್ಲಿರುವುದು ಒಂದು ಸಿಲಿಕಾನ್, ಒಂದು ಆಮ್ಲಜನಕ, ಎರಡು ಮೀಥೈಲುಗಳು. ಅಂದರೆ ಆರು ಜಲಜನಕಗಳು. ಗೆರೆಯ ಸ್ಥಾನವೂ ಗ್ರೀಸಿನ ಸ್ಥಾನಕ್ಕಿಂತ ತುಸು ಪಕ್ಕಕ್ಕಿತ್ತು. ಐದು ಸಲವೂ ನಾನು ಅದನ್ನು ನೋಡಿದ್ದೆ, ಐದು ಸಲವೂ ಪೆನ್ಸಿಲಿನಿಂದ ಹೆಸರು ಬರೆದು ತಳ್ಳಿಹಾಕಿದ್ದೆ.

ಅದು ಹೊರಗಿನಿಂದ ಬಂದು ಪಕ್ಕದಲ್ಲಿ ಕುಳಿತ ಕೊಳೆಯಾಗಿರಲಿಲ್ಲ, ಅಣುವಿನ ಅಂಗವೇ ಆಗಿತ್ತು. ನನ್ನ ಸಿಲಿಕಾನ್ ಗ್ರೀಸಿನ ಸರಪಳಿಯಿಂದ ಒಂದು ಕೊಂಡಿಯನ್ನು ಕಿತ್ತು, ಅದರ ಆಮ್ಲಜನಕವನ್ನು ಅಪ್ಪಿಕೊಂಡು, ತೃಪ್ತಿಯಿಂದ ಹರಳುಗಟ್ಟಿತ್ತು. ಎರಡು ವರ್ಷ ನಾನು ಗಾಳಿಯ ಆಮ್ಲಜನಕಕ್ಕೆ ಕಾವಲು ಕಾದೆ. ಆಮ್ಲಜನಕ ಬಂದದ್ದು ಕಾವಲಿಗೆಂದು ನಾನೇ ಬಳಿದ ಗ್ರೀಸಿನೊಳಗಿನಿಂದ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಬೆಳಿಗ್ಗೆ ಸುಮಾರು ಎರಡು ಗಂಟೆಗಳ ಕಾಲ, ಯಾರಿಗೂ ಹೇಳದೆ ಇದ್ದುಬಿಡುವ ಯೋಚನೆ ನನ್ನಲ್ಲಿತ್ತು. ಎಕ್ಸ್-ಕಿರಣದ ಪರೀಕ್ಷೆ ಇನ್ನೂ ಆಗಿರಲಿಲ್ಲ. ಕರಡನ್ನು ಮಾರ್ಗದರ್ಶಕರು ಓದಿಯಾಗಿತ್ತು. ಆ ಗೆರೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ಏಕೆಂದರೆ ಎಲ್ಲರ ರೋಹಿತಗಳಲ್ಲೂ ಅಂಥದೊಂದು ಗೆರೆ ಇರುತ್ತದೆ. ಊರಿಗೆ ಬರೆದ ಪತ್ರವೂ ತಲುಪಿಯಾಗಿತ್ತು. ಕೊನೆಗೆ ಎದ್ದು ಹೋದದ್ದು ಪ್ರಾಮಾಣಿಕತೆಯಿಂದಲೋ, ಮುಂದೆ ಯಾರಾದರೂ ಹಿಡಿದಾರೆಂಬ ಭಯದಿಂದಲೋ ಇಂದಿಗೂ ನಿಶ್ಚಯವಾಗಿ ಹೇಳಲಾರೆ. ಎರಡೂ ಇದ್ದವು. ಮಾರ್ಗದರ್ಶಕರು ಐದೂ ಕಾಗದಗಳನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಕರಡನ್ನು ಮಡಚಿ ಡ್ರಾಯರಿನಲ್ಲಿಟ್ಟು, ಗ್ರೀಸು ಬೇಡದ ಟೆಫ್ಲಾನ್ ಬಿರಡೆಗಳಿಗೆ ಬೇಡಿಕೆಪತ್ರ ಬರೆಯಲು ಹೇಳಿದರು.

ಎರಡು ತಿಂಗಳ ಮೇಲೆ ಬಂದ ಎಕ್ಸ್-ಕಿರಣದ ಚಿತ್ರದಲ್ಲಿ ಆ ಆಮ್ಲಜನಕ ಎರಡು ಸಿಲಿಕಾನುಗಳ ನಡುವೆ ಸ್ಪಷ್ಟವಾಗಿ ಕುಳಿತಿತ್ತು. ಪ್ರಯೋಗಾಲಯದ ಗ್ರೀಸು ಹೀಗೆ ಅಣುವಿನೊಳಗೆ ಸೇರಿಕೊಂಡ ಉದಾಹರಣೆಗಳು ಬೇರೆ ಕಡೆಗಳಿಂದಲೂ ವರದಿಯಾಗಿವೆಯೆಂದು ಆಮೇಲೆ ಓದಿ ತಿಳಿದೆ. ಹೊಸ ಬಿರಡೆಗಳು ಬಂದ ಮೇಲೆ ಹಳದಿ ಹರಳುಗಳು ಮತ್ತೆ ಹುಟ್ಟಲೇ ಇಲ್ಲ. ನಾನು ಹುಡುಕುತ್ತಿದ್ದ ಸಂಯುಕ್ತವೂ ನನ್ನ ಕೈಗೆ ಸಿಗಲಿಲ್ಲ. ಗ್ರೀಸನ್ನು ಬೇಕೆಂದೇ ಹಾಕಿ, ಅದು ಹೇಗೆ ಒಳಸೇರುತ್ತದೆಂದು ಹಂತಹಂತವಾಗಿ ನೋಡಿದ್ದೇ ಪ್ರೌಢಪ್ರಬಂಧದ ಮುಖ್ಯ ಅಧ್ಯಾಯವಾಯಿತು. ಅದಕ್ಕೆ ಎರಡು ವರ್ಷ ಹೆಚ್ಚು ಹಿಡಿಯಿತು.

ಅಪ್ಪನಿಗೆ ಎರಡನೆಯ ಪತ್ರ ಬರೆಯಲು ಮೂರು ವಾರ ತೆಗೆದುಕೊಂಡೆ. ಉತ್ತರ ಕಾರ್ಡಿನಲ್ಲಿ ಬಂತು: “ಅಚ್ಚಾಗುವ ಮೊದಲೇ ತಿಳಿಯಿತಷ್ಟೆ. ಅಡಿಕೆ ಕೊಯ್ಲು ಮುಗಿದಿದೆ. ಹಬ್ಬಕ್ಕೆ ಬಂದು ಹೋಗು.” ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಆಮೇಲಿನ ಪತ್ರಗಳಲ್ಲೂ ಬರಲಿಲ್ಲ.

ಕಿಪ್ಪಿಂಗರು 1949ರವರೆಗೆ ಬದುಕಿದ್ದರು. ತಮಗೆ ಬೇಡವಾಗಿದ್ದ ಅಂಟು ಕಾರ್ಖಾನೆಗಳಲ್ಲಿ ತಯಾರಾಗುವ ಕಾಲವನ್ನು ಕಂಡರು. ಅವರು ಶೇಷವೆಂದು ಬಗೆದದ್ದರಿಂದ ಗ್ರೀಸು ಬಂತು, ಗ್ರೀಸಿನಿಂದ ನನ್ನ ಹಳದಿ ಹರಳು. ಅದನ್ನು ನಾನೂ ಪೆನ್ಸಿಲಿನಿಂದ ಕೊಳೆಯೆಂದೇ ಗುರುತಿಸಿದ್ದೆ. ಅವರಷ್ಟು ದೊಡ್ಡವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ನಾವು ಹುಡುಕುತ್ತಿರುವುದರ ಹೆಸರನ್ನು ಮೊದಲೇ ಬರೆದಿಟ್ಟುಕೊಂಡರೆ, ಸಿಕ್ಕಿದ್ದು ಕಣ್ಣಿಗೆ ಬೀಳುವುದು ಎಷ್ಟು ಕಷ್ಟವೆಂದು ತಿಳಿದವನಾಗಿ ಹೇಳುತ್ತಿದ್ದೇನೆ.

ಪುಣೆಯ ಪ್ರಯೋಗಾಲಯ ಬಿಡುವ ದಿನ ಕಾಕಾ, ಉಳಿದಿದ್ದ ಹರಳುಗಳನ್ನು ಆರ್ಗಾನಿನಡಿ ಒಂದು ಸಣ್ಣ ಗಾಜಿನ ಕೊಳವೆಯೊಳಗಿರಿಸಿ, ಅದರ ಕುತ್ತಿಗೆಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚಿಕೊಟ್ಟರು. “ಇದಕ್ಕ ಬಿರಡಿನೂ ಬ್ಯಾಡ, ಗ್ರೀಸೂ ಬ್ಯಾಡ” ಎಂದರು. ಮೊನ್ನೆ ಅಚ್ಚಿನ ಜಗಳವಾದ ಮೇಲೆ ಬೀರುವಿನಿಂದ ಅದನ್ನು ತೆಗೆದು ಹೆಂಡತಿಗೂ ಮಗಳಿಗೂ ತೋರಿಸಿದೆ. ಹರಳುಗಳ ಹಳದಿ ಇನ್ನೂ ಮಾಸಿಲ್ಲ. ಸುತ್ತಿದ ಚೀಟಿಯಲ್ಲಿ ಮೊದಲು ಬರೆದ ತಪ್ಪು ಸೂತ್ರದ ಮೇಲೆ ಅಡ್ಡಗೆರೆ ಎಳೆದು, ಅದರ ಕೆಳಗೆ ಸರಿಯಾದದ್ದನ್ನು ಬರೆದಿದ್ದೇನೆ. “ಹೊಸ ಚೀಟಿ ಅಂಟಿಸಬಾರದಾ ಅಪ್ಪಾ?” ಎಂದಳು ಮಗಳು. ಬೇಡವೆಂದು ಹಾಗೆಯೇ ಒಳಗಿಟ್ಟೆ.