ಬೆಳ್ಳಿತೆರೆ ಹುಟ್ಟಿದ ಬೀದಿಗೆ ಸಂಸಾರ ಸಮೇತ!

ಪ್ಯಾರಿಸ್ ಅಂದ ಕೂಡಲೇ ಚಿತ್ರರಸಿಕರಿಗೆ 1967ರ ‘ಆ್ಯನ್ ಈವನಿಂಗ್ ಇನ್ ಪ್ಯಾರಿಸ್’ನ ಶಮ್ಮಿ ಕಪೂರ್ ನೆನಪಾಗ್ತಾನೆ. ಅವನು ಕುಣಿದದ್ದು ನಿರ್ಮಾಪಕರ ದುಡ್ಡಿನಲ್ಲಿ! ಅಪ್ಪ, ಅಮ್ಮ, ತಂಗಿಯ ಜತೆ ಸ್ವಂತ ಖರ್ಚಿನಲ್ಲಿ ಹೋಗೋರು ಲೆಕ್ಕ ಹಾಕಲೇಬೇಕು.

ತಂಗಿಗೆ 18 ತುಂಬಿಲ್ಲವೇ? ಲೂವ್ರ್ ಮ್ಯೂಸಿಯಂ ಪ್ರವೇಶ ಪುಕ್ಕಟೆ. ಐಫೆಲ್ ಗೋಪುರದ ಎರಡನೇ ಅಂತಸ್ತಿಗೆ ಲಿಫ್ಟಿಗಿಂತ ಮೆಟ್ಟಿಲಿನ ಟಿಕೆಟ್ ಅಗ್ಗ. ಹತ್ತಬೇಕಾದ್ದು 674 ಮೆಟ್ಟಿಲು! ಅಮ್ಮನ ಮಂಡಿ ಒಪ್ಪದಿದ್ದರೆ ಕೆಳಗೇ ನಿಂತು ನೋಡಿ, ಕಾಸೇ ಬೇಡ. ಹೋಟೆಲಿನಲ್ಲಿ ‘ಕರಾಫ್ ದೋ’ ಅನ್ನಿ, ಊಟದ ಜತೆ ನಲ್ಲಿ ನೀರು ಬಿಟ್ಟಿ.

ಕಪುಸೀನ್ ಬುಲೆವಾರಿನ 14ನೇ ನಂಬರಿನ ಮುಂದೆ ಮಾತ್ರ ನಿಲ್ಲದೆ ಹೋಗಬೇಡಿ. 1895ರ ಡಿಸೆಂಬರ್ 28ರಂದು ಅಲ್ಲಿನ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲುಮಿಯೇರ್ ಸೋದರರು ಟಿಕೆಟ್ಟಿಟ್ಟು ಸಿನಿಮಾ ತೋರಿಸಿದರು. ಟಿಕೆಟ್ ಒಂದು ಫ್ರಾಂಕ್, ಪ್ರೇಕ್ಷಕರು 33 ಮಂದಿ. ಆ ಕೋಣೆಯ ಹೆಸರೇನು ಗೊತ್ತೇ? ‘ಇಂಡಿಯನ್ ಸಲೂನ್’!

ಇಷ್ಟೆಲ್ಲಾ ಉಳಿಸೋದು ಯಾಕೆ ಅಂತೀರಾ? ಲಿಯೋನ್‌ಗೆ ರೈಲು ಹತ್ತೋಕೆ! ಟೀಜೀವೀ ರೈಲಿನಲ್ಲಿ ಸುಮಾರು ಎರಡು ಗಂಟೆ; ಮುಂಚಿತವಾಗಿ ಕಾದಿರಿಸಿದರೆ ಅಗ್ಗ. ಅಲ್ಲಿನ ಮೊಂಪ್ಲೆಸೀರ್ ಬಡಾವಣೆಯಲ್ಲಿ ‘ಮೊದಲ ಫಿಲಂ ಬೀದಿ’ ಅಂತಲೇ ಒಂದು ಬೀದಿಯಿದೆ. 1895ರಲ್ಲಿ ಲೂಯಿ ಲುಮಿಯೇರ್ ತಮ್ಮ ಕಾರ್ಖಾನೆಯ ಬಾಗಿಲಿಗೆ ಕ್ಯಾಮೆರಾ ಹಿಡಿದದ್ದು ಅಲ್ಲೇ. ಸೆಟ್ಟಿಲ್ಲ, ಮೇಕಪ್ಪಿಲ್ಲ, ಕೆಲಸಗಾರರು ಹೊರಬಂದರು, ನಿಮಿಷದೊಳಗೆ ಚಿತ್ರ ಮುಗಿಯಿತು. ಅಂದಿನ ಶೆಡ್ಡು ಉಳಿದಿದೆ, ಈಗ ಅದರೊಳಗೇ ಚಿತ್ರಮಂದಿರ!

ಜೀವಮಾನವೆಲ್ಲ ದುಡಿದು ಕಾಸು ಕೂಡಿಸಿದ ಅಪ್ಪನನ್ನು ಅಲ್ಲಿ ನಿಲ್ಲಿಸಿ ಹೇಳಿ: ಲುಮಿಯೇರ್ ಸಿನಿಮಾದ ಮೊದಲ ತಾರೆಯರು ರಾಜರಲ್ಲ, ಸುಂದರಿಯರಲ್ಲ, ನಿಮ್ಮಂಥ ದುಡಿಯೋ ಜನ!