ಅಕ್ಕೋರು

ಸ್ವಯಂ ನಿವೃತ್ತಿ ತೆಗೆದುಕೊಂಡಾಗ ನನಗೆ 57. ಮೊಣಕಾಲು ನೋವು, ಸಿಂಧನೂರಿನಿಂದ ಮಸ್ಕಿಗೆ ದಿನವೂ ಬಸ್ಸು, ಸಾಕೆನಿಸಿತ್ತು. "ಇನ್ನು ಆರಾಮಾಗಿರು" ಎಂದರು ಮನೆಯವರು. ಈ ಆರಾಮ ಎಷ್ಟು ಕಷ್ಟದ್ದೆಂದು ನಿವೃತ್ತಳಾದ ಹೆಂಗಸನ್ನೇ ಕೇಳಬೇಕು. ಗಂಡಸರಿಗಾದರೆ ಕಟ್ಟೆ ಇದೆ, ಪೇಪರಿದೆ. ನಮಗೆ ಸಿಗುವುದು ಮತ್ತಷ್ಟು ಅಡಿಗೆಮನೆ. ಹತ್ತಾದರೆ ಕಿವಿ ಶಾಲೆಯ ಗಂಟೆಗೆ ಕಾಯುತ್ತಿತ್ತು. ಎಲ್ಲಕ್ಕಿಂತ ಕಾಡಿದ್ದು, ದಿನಕ್ಕೆ ನೂರು ಸಲ ಕೇಳುತ್ತಿದ್ದ "ಅಕ್ಕೋರೇ" ಎಂಬ ಕೂಗು ನಿಂತದ್ದು.

ಮಸ್ಕಿಯ ಬಂಡೆಯ ಪಾಠವನ್ನು ಪ್ರತಿ ವರ್ಷ ಹೇಳಿದವಳು ನಾನು. ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಅದನ್ನು ಕಾಣುವವರೆಗೆ, ಶಾಸನಗಳ ಆ ರಾಜ ಬರೀ 'ದೇವಾನಾಂಪ್ರಿಯ', 'ಪ್ರಿಯದರ್ಶಿ'. ಅಶೋಕ ಎಂಬ ಸ್ವಂತ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲೇ. ನನಗೂ ಬಿರುದೇ ಹೆಸರಾಗಿತ್ತು. ಅದು ಹೋದ ಮೇಲೆ ಉಳಿದವಳು ಯಾರು?

ಉತ್ತರ ಹುಡುಕುತ್ತ ಕೂರಲು ಓಣಿಯ ಹೆಣ್ಣುಮಗಳೊಬ್ಬಳು ಬಿಡಲಿಲ್ಲ. ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದು, "ಹೆಬ್ಬೆಟ್ಟು ಒತ್ತಿ ಒತ್ತಿ ಬ್ಯಾಸರಾಗ್ಯಾದ್ರಿ ಅಕ್ಕೋರೇ, ನನ್ನ ಹೆಸರು ಬರಿಯಾದು ಕಲಸ್ರಿ" ಎಂದಳು. ಹದಿನೈದು ದಿನ ಹಿಡಿಯಿತು. ಸಹಿ ಮಾಡಿದ ಚೀಟಿಯನ್ನು ಓಣಿಗೆಲ್ಲ ತೋರಿಸಿ ಬಂದಳು, ಮರುದಿನ ಐವರಾದರು.

"ಸಂಬಳವಿಲ್ಲದ ನೌಕರಿ ಯಾಕಕ್ಕಾ?" ಎಂದು ಲಿಂಗಸುಗೂರಿನ ತಂಗಿ ನಗುತ್ತಾಳೆ. ಅವಳೂ ಟೀಚರ್, ಇನ್ನು ನಾಲ್ಕು ವರ್ಷ ಸರ್ವಿಸಿದೆ. ನಗಲಿ.

ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಭತ್ತದ ನಾಟಿ. ಆಗ ಯಾರೂ ಬರುವುದಿಲ್ಲ, ನಾನೂ ಕರೆಯುವುದಿಲ್ಲ, ಕೂಲಿಯ ದಿನಗಳವು. ನಾಟಿ ಮುಗಿಸಿ ಬಂದ ಮೇಲೆ ಒತ್ತಕ್ಷರ ಶುರು ಮಾಡಬೇಕು.